ಅಪ್ಪನ ಡೆಸ್ಕ್‌ಟಾಪ್, 340 ನುಡಿ ಫೈಲು, ಮೂರು ಭಾನುವಾರ

"ಕಂಪ್ಯೂಟರ್‌ನಲ್ಲಿ ದೊಡ್ಡ ನೋಟಿಸ್ ಬಂದಿದೆ, ಸಪೋರ್ಟ್ ಮುಗೀತಂತೆ, ನನ್ನ ಪದಗಳೆಲ್ಲ ಅಳಿಸಿ ಹೋಗುತ್ತಾ?" ಅಂತ ಅಪ್ಪ ತುಮಕೂರಿನಿಂದ ಫೋನ್ ಮಾಡಿದಾಗ ನಾನು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಏನೂ ಹೋಗಲ್ಲ, ಏನೂ ಒತ್ತಬೇಡ, ಭಾನುವಾರ ಬರ್ತೀನಿ ಅಂದೆ. 2025ರ ಅಕ್ಟೋಬರ್ ಮೂರನೇ ವಾರ ಅದು. ಆ ತಿಂಗಳ 14ಕ್ಕೆ ವಿಂಡೋಸ್ 10ಕ್ಕೆ ಬರುತ್ತಿದ್ದ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ ನಿಂತಿತ್ತು. ನಿಂತರೆ ಮಷೀನು ನಿಲ್ಲುವುದಿಲ್ಲ, ಫೈಲೂ ಹೋಗುವುದಿಲ್ಲ. ಇನ್ನು ಮುಂದೆ ಸಿಗುವ ತೂತುಗಳನ್ನು ಮುಚ್ಚೋರು ಇರಲ್ಲ, ಅಷ್ಟೇ. ಆದರೆ ಬ್ಯಾಂಕಿನ ಪೆನ್ಷನ್ ನೋಡುವುದೂ ಅದೇ ಕಂಪ್ಯೂಟರಿನಲ್ಲಿ, ಹಾಗಾಗಿ ಸುಮ್ನೆ ಬಿಡೋ ಹಾಗಿರಲಿಲ್ಲ.

ಮೊದಲು ಮಷೀನಿನ ಜಾತಕ ಹೇಳಿಬಿಡುತ್ತೇನೆ. 2014ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಜೋಡಿಸಿದ್ದು. ಇಂಟೆಲ್ ಕೋರ್ ಐ3 4150, ಎಚ್81 ಮದರ್‌ಬೋರ್ಡ್, 4 ಜಿಬಿಯ ಒಂದೇ ಒಂದು ಡಿಡಿಆರ್3 ರ‍್ಯಾಮ್ ಕಡ್ಡಿ, 1 ಟಿಬಿ ಹಾರ್ಡ್ ಡಿಸ್ಕ್. ಅಂಗಡಿಯವನೇ ವಿಂಡೋಸ್ 7 ಹಾಕಿಕೊಟ್ಟಿದ್ದ, ಆಮೇಲೆ ಪಕ್ಕದ ಬೀದಿಯ ಹುಡುಗ ಒಬ್ಬ 10 ಹಾಕಿದ. ಎರಡಕ್ಕೂ ಲೈಸೆನ್ಸ್ ಇಲ್ಲ. ಪರದೆಯ ಬಲಮೂಲೆಯಲ್ಲಿ "ಆಕ್ಟಿವೇಟ್ ವಿಂಡೋಸ್" ಅನ್ನೋ ಬೂದು ಬಣ್ಣದ ಬರಹ ಎಂಟು ವರ್ಷದಿಂದ ಹಾಗೇ ಇದೆ. ಅಪ್ಪ ಅದನ್ನು ಕಂಪ್ಯೂಟರಿನ ಹೆಸರು ಅಂದುಕೊಂಡಿದ್ದರು!

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ರಿಟೈರ್ ಆದಮೇಲೆ ಸುತ್ತಮುತ್ತಲ ಹಳ್ಳಿಗಳಲ್ಲಿ ಸೋಬಾನೆ ಪದ, ಬೀಸುವ ಪದ, ಮೂಡಲಪಾಯ ಯಕ್ಷಗಾನದ ಪದಗಳನ್ನು ಕೇಳಿ ಬರೆದುಕೊಂಡು ಬಂದು ಟೈಪ್ ಮಾಡುತ್ತಾರೆ. ಹನ್ನೊಂದು ವರ್ಷದಲ್ಲಿ 340 ಫೈಲಾಗಿದೆ. ಎಲ್ಲವೂ ಕನ್ನಡ ಟೈಪ್ ಮಾಡುವ ನುಡಿ ಅನ್ನೋ ಸಾಫ್ಟ್‌ವೇರಿನಲ್ಲಿ. ಈಗಿನ ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುವ ಹಳೇ ಆಸ್ಕಿ ಫಾಂಟಿನಲ್ಲಿ. ಈ ಒಂದು ಸಂಗತಿ ಮುಂದೆ ನನ್ನನ್ನು ಎಷ್ಟು ಕುಣಿಸಿತು ಅಂದರೆ, ವಿಂಡೋಸಾ, ಅದರ ಬದಲು ಹಾಕಬಹುದಾದ ಪುಕ್ಕಟೆ ಸಿಸ್ಟಮ್ ಲಿನಕ್ಸಾ ಅನ್ನೋ ಪ್ರಶ್ನೆ ಅದರ ಮುಂದೆ ಏನೂ ಅಲ್ಲ.

ಮೊದಲ ಭಾನುವಾರ: ಬಿಚ್ಚಿ ನೋಡಿದ್ದು

ಆನ್ ಮಾಡಿದರೆ ಡೆಸ್ಕ್‌ಟಾಪ್ ಕಾಣಿಸುವ ಹೊತ್ತಿಗೆ ಅಮ್ಮನ ಕಾಫಿ ಬಂತು. ಕುಡಿದು ಲೋಟ ಇಟ್ಟೆ. ಆಮೇಲೆ ಬ್ರೌಸರ್ ತೆರೆದುಕೊಂಡಿತು. ತೆರೆದುಕೊಂಡು "ಈ ಸಂಪರ್ಕ ಸುರಕ್ಷಿತವಲ್ಲ" ಅಂತ ಕೆಂಪಗೆ ಬರೆಯಿತು. ಯಾವ ಸೈಟಿಗೆ ಹೋದರೂ ಅದೇ. ಅಪ್ಪ ಇದಕ್ಕೂ ಸಪೋರ್ಟ್ ಮುಗಿದದ್ದೇ ಕಾರಣ ಅಂತ ತೀರ್ಮಾನ ಮಾಡಿದ್ದರು. ಮೂಲೆಯಲ್ಲಿ ಗಡಿಯಾರ ನೋಡಿದೆ, 2014ರ ಜನವರಿ 1 ತೋರಿಸುತ್ತಿತ್ತು. ಅಲ್ಲಿಗೆ ಗೊತ್ತಾಯಿತು: ಮದರ್‌ಬೋರ್ಡಿನ ಮೇಲಿನ ನಾಣ್ಯದ ಥರದ ಬ್ಯಾಟರಿ ಸತ್ತಿದೆ. ಕರೆಂಟ್ ಹೋದಾಗಲೆಲ್ಲ ಮಷೀನು ದಿನಾಂಕ ಮರೆಯುತ್ತದೆ, ಸೈಟಿನ ಸರ್ಟಿಫಿಕೇಟು "ನಾನಿನ್ನೂ ಹುಟ್ಟೇ ಇಲ್ಲವಲ್ಲ" ಅನ್ನುತ್ತದೆ, ಬ್ರೌಸರ್ ಬಾಗಿಲು ಹಾಕುತ್ತದೆ. ಸಿಆರ್2032 ಬ್ಯಾಟರಿ, ಬೀದಿ ಕೊನೆಯ ವಾಚ್ ಅಂಗಡಿಯಲ್ಲಿ 40 ರೂಪಾಯಿ. ಇಷ್ಟಕ್ಕೇ ಅರ್ಧ ಕಾಯಿಲೆ ವಾಸಿ.

ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಹನ್ನೊಂದು ವರ್ಷದ ಧೂಳು, ಒಂದು ಹಲ್ಲಿ ಮೊಟ್ಟೆಯ ಸಿಪ್ಪೆ. ಪೇಂಟ್ ಬ್ರಷ್‌ನಲ್ಲಿ ಗುಡಿಸಿದೆ. ಪ್ರೊಸೆಸರ್ ಮೇಲಿನ ಫ್ಯಾನ್ ಎತ್ತಿದರೆ ಥರ್ಮಲ್ ಪೇಸ್ಟ್ ಒಣಗಿ ವಿಭೂತಿಯ ಹಾಗೆ ಉದುರಿತು. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಹಲ್ಲುಗಳಿಗೆ ಪೆನ್ಸಿಲ್ ರಬ್ಬರ್ ಉಜ್ಜಿದೆ. ಇದು ಎಲ್ಲ ರಿಪೇರಿ ಅಂಗಡಿಗಳಲ್ಲೂ ಮಾಡುವ ಮದ್ದು, ಪುಸ್ತಕದಲ್ಲಿ ಇರಲ್ಲ, ಕೆಲಸ ಮಾತ್ರ ಮಾಡುತ್ತದೆ.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಸುಮ್ಮನೆ ಕೂತು ನೋಡಿದೆ. ಪ್ರೊಸೆಸರ್ 12 ಪರ್ಸೆಂಟ್, ಡಿಸ್ಕ್ 100 ಪರ್ಸೆಂಟ್. ಐದು ನಿಮಿಷ ಆದರೂ 100ರಿಂದ ಇಳಿಯಲಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು, ಯಾಕಂದರೆ ನಾನೂ ಈ ತಪ್ಪು ಮಾಡುತ್ತಿದ್ದೆ: ಹಳೇ ಕಂಪ್ಯೂಟರ್ ನಿಧಾನ ಆದಾಗ ನಾವು ವಿಂಡೋಸನ್ನು ಬೈಯುತ್ತೇವೆ, ಲಿನಕ್ಸ್ ಹಾಕಿಸಿ ಮ್ಯಾಜಿಕ್ ಆಯಿತು ಅನ್ನುತ್ತೇವೆ. ಎಷ್ಟೋ ಸಲ ತಪ್ಪು ತಿರುಗುವ ಡಿಸ್ಕಿನದು. ಅದರ ಸೂಜಿ ಅಲ್ಲಿಂದ ಇಲ್ಲಿಗೆ ಓಡಾಡೋದರಲ್ಲೇ ಹೊತ್ತು ಹೋಗುತ್ತದೆ. ಅದನ್ನು ತೆಗೆದು ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದರೆ ಯಾವ ಸಿಸ್ಟಮ್ ಆದರೂ ಓಡುತ್ತದೆ. ಅಂದರೆ ನಿಧಾನ ಅನ್ನೋ ಕಾರಣಕ್ಕೆ ಸಿಸ್ಟಮ್ ಬದಲಿಸುವ ಅಗತ್ಯ ಇರಲಿಲ್ಲ. ಬೇರೆ ಕಾರಣ ಇತ್ತು.

ಯಾವುದು ಹಾಕೋದು

ಮಧ್ಯಾಹ್ನ ಊಟ ಆದಮೇಲೆ ಅಪ್ಪನ ಪಕ್ಕ ಕೂತು ಒಂದು ಹಾಳೆಯಲ್ಲಿ ಬರೆದೆ: ಈ ಕಂಪ್ಯೂಟರಿನಲ್ಲಿ ಒಂದು ವಾರ ಏನೇನು ಮಾಡ್ತೀರಿ? ನುಡಿಯಲ್ಲಿ ಟೈಪ್. ಪ್ರಿಂಟ್. ಯೂಟ್ಯೂಬಿನಲ್ಲಿ ಹಳೇ ನಾಟಕ. ಇ-ಪೇಪರ್. ಪೆನ್ಷನ್. ಮೊಮ್ಮಗಳ ಫೋಟೊ. ಅಷ್ಟೇ. ಲೆಕ್ಕಪತ್ರ ಬರೆಯುವ ಟ್ಯಾಲಿ ಇಲ್ಲ, ಆಟೊಕ್ಯಾಡ್ ಇಲ್ಲ, ಆಟ ಇಲ್ಲ, ಡಿಜಿಟಲ್ ಸಿಗ್ನೇಚರ್ ಡಾಂಗಲ್ ಇಲ್ಲ. ಈ ಪಟ್ಟಿಯಲ್ಲಿ ಟ್ಯಾಲಿ ಇದ್ದಿದ್ದರೆ ನಾನು ಮುಂದೆ ಯೋಚನೆ ಮಾಡದೆ ವಿಂಡೋಸೇ ಅನ್ನುತ್ತಿದ್ದೆ. ಅದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ಸಿಸ್ಟಮ್ ಇರೋದು ಕೆಲಸಕ್ಕೆ, ಪೂಜೆಗಲ್ಲ.

ವಿಂಡೋಸ್ 11 ಹಾಕೋಣ ಅಂದರೆ ಅದು ಕೇಳುವುದು ಟಿಪಿಎಂ 2.0 ಅನ್ನೋ ಭದ್ರತಾ ಚಿಪ್, ಸೆಕ್ಯೂರ್ ಬೂಟ್, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್. ನಮ್ಮದು ನಾಲ್ಕನೆಯದು. ರೂಫಸ್ ಅನ್ನೋ ಪುಟ್ಟ ಸಾಫ್ಟ್‌ವೇರ್ ಈ ತಪಾಸಣೆಯನ್ನು ಹಾರಿಸಿ ಹಾಕುವ ಪೆನ್‌ಡ್ರೈವ್ ಮಾಡಿಕೊಡುತ್ತದೆ, ಮಾಡಿಕೊಂಡವರೂ ಬೇಕಾದಷ್ಟು ಜನ. ಆದರೆ ಹಾಗೆ ಹಾಕಿದ ಮಷೀನಿಗೆ ಅಪ್‌ಡೇಟ್ ಬಂದೇ ಬರುತ್ತದೆ ಅನ್ನೋ ಮಾತನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ನನ್ನ ಮಷೀನಾದರೆ ಮಾಡುತ್ತಿದ್ದೆ. 70 ಕಿಲೋಮೀಟರ್ ದೂರದಲ್ಲಿ ಇರುವ, ನೋಟಿಸ್ ಬಂದರೆ ಗಾಬರಿಯಾಗುವ ಅಪ್ಪನ ಮಷೀನಿಗೆ ಬೇಡ.

ವಿಂಡೋಸ್ 10ರಲ್ಲೇ ಇರಬಹುದು, 2026ರ ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಸುವ ಯೋಜನೆ ಮನೆ ಬಳಕೆದಾರರಿಗೂ ಇದೆ. ದುಡ್ಡು ಕೊಟ್ಟೂ ಸೇರಬಹುದು, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿ ದುಡ್ಡಿಲ್ಲದೆಯೂ ಸೇರಬಹುದು. ಅಸಲಿ ಕಾಪಿ ಇರೋರಿಗೆ ಒಳ್ಳೆಯದೇ. ನಮ್ಮದು ಅಸಲಿ ಅಲ್ಲವಲ್ಲ, ಆ ಬಾಗಿಲು ತಟ್ಟೋಕೆ ಮುಖ ಇರಲಿಲ್ಲ. ಆನ್‌ಲೈನಿನಲ್ಲಿ 400 ರೂಪಾಯಿಗೆ "ಒರಿಜಿನಲ್ ಕೀ" ಮಾರುತ್ತಾರೆ. ಅದು ಯಾರದೋ ಕಂಪನಿಯ ಕೀ, ಯಾರೋ ಹಂಚುತ್ತಾರೆ. 400 ರೂಪಾಯಿಯ ಕಳ್ಳಮಾಲಿಗಿಂತ ಪುಕ್ಕಟೆಯ ಕಳ್ಳಮಾಲೇ ವಾಸಿ, ದುಡ್ಡಾದರೂ ಉಳಿಯುತ್ತದೆ. ಎರಡೂ ಬೇಡ ಅನ್ನಿಸಿತು. ಮೇಷ್ಟ್ರ ಮನೆ ಬೇರೆ.

ಹೊಸ ಕಂಪ್ಯೂಟರ್ ಕೊಂಡರೆ ಎಲ್ಲ ಸರಿಹೋಗುತ್ತದೆ, ಲೈಸೆನ್ಸೂ ಅದರ ಜೊತೆಗೇ ಬರುತ್ತದೆ. ಅಪ್ಪ ಒಪ್ಪಲಿಲ್ಲ. "ಕೀಬೋರ್ಡ್ ಚೆನ್ನಾಗಿಯೇ ಇದೆಯಲ್ಲ" ಅಂದರು. ಅವರಿಗೆ ಕಂಪ್ಯೂಟರ್ ಅಂದರೆ ಕೀಬೋರ್ಡು.

ಆ ಮಾತೇ ನನಗೆ ದಾರಿ ತೋರಿಸಿದ್ದು. ಅಪ್ಪನ ಬೆರಳಿಗೆ ಗೊತ್ತಿರೋದು ನುಡಿಯ ಕೀಲಿಮಣೆ, ಅಂದರೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ಕಗಪ ಅಂತ ಕರೆಯುವ ವಿನ್ಯಾಸ. ಕೆ ಒತ್ತಿದರೆ ಕ, ಆಮೇಲೆ ಎಫ್ ಒತ್ತಿದರೆ ಕ್, ಮತ್ತೆ ಕೆ ಒತ್ತಿದರೆ ಕ್ಕ. ವಿಂಡೋಸಿನಲ್ಲೂ ಕನ್ನಡ ಕೀಬೋರ್ಡ್ ಇದೆ, ಇನ್‌ಸ್ಕ್ರಿಪ್ಟೂ ಇದೆ, ಫೊನೆಟಿಕ್ಕೂ ಇದೆ, ಎರಡೂ ಅಪ್ಪನಿಗೆ ಬರಲ್ಲ. ಅದಕ್ಕೇ ನುಡಿಯನ್ನು ಬೇರೆ ಹಾಕಿಕೊಳ್ಳಬೇಕು. ಲಿನಕ್ಸಿನಲ್ಲಿ ಕಗಪ ವಿನ್ಯಾಸ ಸಿಸ್ಟಮ್ಮಿನ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ಏನೂ ಇನ್‌ಸ್ಟಾಲ್ ಮಾಡೋದು ಬೇಡ. ಯಾರೋ ಒಬ್ಬರು ಯಾವಾಗಲೋ ಕೂತು ಬರೆದು, ಕಳಿಸಿ, ಅದು ಸೇರಿಕೊಂಡು, ಈಗ ಜಗತ್ತಿನ ಯಾವ ಮೂಲೆಯಲ್ಲಿ ಉಬುಂಟು, ಡೆಬಿಯನ್, ಮಿಂಟ್ ಅನ್ನೋ ಲಿನಕ್ಸಿನ ಬಗೆಗಳನ್ನು ಹಾಕಿದರೂ ತುಮಕೂರಿನ ಮೇಷ್ಟ್ರ ಬೆರಳಿಗೆ ಬೇಕಾದದ್ದು ಅಲ್ಲಿರುತ್ತದೆ. ಮುಕ್ತ ತಂತ್ರಾಂಶದ ಬಗ್ಗೆ ನಾನು ಕೇಳಿದ ಭಾಷಣಗಳಿಗಿಂತ ಇದು ನನಗೆ ಜಾಸ್ತಿ ಅರ್ಥವಾಯಿತು.

ಸಂಜೆ ನನ್ನ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ 22.2 ಇಳಿಸಿ ಪೆನ್‌ಡ್ರೈವಿಗೆ ಬರೆದೆ. ಮೂರು ಬಗೆ ಇದೆ, ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. 4 ಜಿಬಿ ರ‍್ಯಾಮಿಗೆ ಕೊನೆಯದೇ ಸರಿ. ಇದು ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರ ತನಕ ಅಪ್‌ಡೇಟ್ ಬರುತ್ತದೆ. ಉಬುಂಟುವನ್ನೇ ಯಾಕೆ ಹಾಕಲಿಲ್ಲ ಅಂದರೆ ಅದರ ಪರದೆ ನೋಡಿ ಅಪ್ಪ ಸ್ಟಾರ್ಟ್ ಎಲ್ಲಿ ಅಂತ ಕೇಳುತ್ತಾರೆ. ಮಿಂಟಿನಲ್ಲಿ ಕೆಳಗೆ ಎಡಕ್ಕೆ ಮೆನು, ಬಲಕ್ಕೆ ಗಡಿಯಾರ. ಅಷ್ಟು ಸಾಕು.

ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಯಾರಿಗಾದರೂ ಲಿನಕ್ಸ್ ಹಾಕೋ ಯೋಚನೆ ಇದ್ದರೆ ಈ ಹಂತವನ್ನು ಮಾತ್ರ ಬಿಡಬೇಡಿ, ಅರ್ಧ ಗಂಟೆ ಕೊಡಿ. ಸೌಂಡ್ ಬಂತು. ವಿಡಿಯೊ ಓಡಿತು. ಕನ್ನಡ ಒತ್ತಕ್ಷರ ಸರಿಯಾಗಿ ಕಂಡಿತು. ವೈಫೈ ಡಾಂಗಲ್ ಕಾಣಲಿಲ್ಲ. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬಂತು. ಪ್ರಿಂಟರ್ ಕಂಡಿತು, ಹೆಸರೂ ಹೇಳಿತು, ಪ್ರಿಂಟ್ ಮಾತ್ರ ಮಾಡಲಿಲ್ಲ. ಅದನ್ನು ಆಮೇಲೆ ನೋಡೋಣ ಅಂತ ಬಿಟ್ಟೆ. ಬಿಟ್ಟಿದ್ದು ತಪ್ಪು, ಅದರ ಕಥೆ ಮುಂದೆ ಬರುತ್ತದೆ.

ಎಸ್.ಪಿ. ರೋಡ್

ಬುಧವಾರ ಆಫೀಸು ಬೇಗ ಬಿಟ್ಟು ಹೋದೆ. 480 ಜಿಬಿ ಸಾಟಾ ಎಸ್‌ಎಸ್‌ಡಿ 2,900 ರೂಪಾಯಿ. ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 ರ‍್ಯಾಮ್ 450. ಅದಕ್ಕೆ ಬಿಲ್ ಇಲ್ಲ, "ಏಳು ದಿನದಲ್ಲಿ ಬನ್ನಿ ಸಾರ್" ಅನ್ನೋ ಬಾಯಿಮಾತಿನ ವಾರಂಟಿ. ಥರ್ಮಲ್ ಪೇಸ್ಟ್ 100. ಒಂದು ಸಾಟಾ ಕೇಬಲ್ 60. ವೈಫೈ ಡಾಂಗಲ್ ಕೇಳಿದಾಗ ಲಿನಕ್ಸಿಗೆ ಬರುತ್ತಾ ಅಂದೆ. ಅಂಗಡಿಯವನು "ಎಲ್ಲಾದಕ್ಕೂ ಬರುತ್ತೆ" ಅಂದ. ಎಲ್ಲಾದಕ್ಕೂ ಬರುತ್ತೆ ಅಂದವನ ಹತ್ತಿರ ಏನನ್ನೂ ಕೊಳ್ಳಬಾರದು ಅಂತ ಗೊತ್ತಿದ್ದರಿಂದ ಹತ್ತು ಮೀಟರ್ ಲ್ಯಾನ್ ಕೇಬಲ್ ತೆಗೆದುಕೊಂಡು ಬಂದೆ, ರೂಟರ್ ಪಕ್ಕದ ರೂಮಿನಲ್ಲೇ ಇರೋದು.

ಎರಡನೇ ಭಾನುವಾರ: ಹಾಕಿದ್ದು

ರ‍್ಯಾಮ್ ಎರಡನೇ ಸ್ಲಾಟಿಗೆ ಟಕ್ ಅಂತ ಕೂತಿತು. 8 ಜಿಬಿ ತೋರಿಸಿತು. ಎಸ್‌ಎಸ್‌ಡಿಗೆ ಕ್ಯಾಬಿನೆಟ್ಟಿನಲ್ಲಿ ಜಾಗ ಇಲ್ಲ, ಹಳೇ ಕಾಲದ ದೊಡ್ಡ ಡಿಸ್ಕಿನ ಅಳತೆ. ಡಬಲ್ ಸೈಡ್ ಟೇಪಿನಲ್ಲಿ ಅಂಟಿಸಿದೆ. ಅಲುಗೋ ಭಾಗ ಒಳಗೆ ಏನೂ ಇಲ್ಲ, ಎಲ್ಲಿದ್ದರೂ ನಡೆಯುತ್ತದೆ.

ಎಚ್81 ಬೋರ್ಡಿನಲ್ಲಿ ಡಿಸ್ಕ್ ಚುಚ್ಚುವ ಸಾಟಾ ಕಿಂಡಿ ನಾಲ್ಕು ಇವೆ, ನಾಲ್ಕೂ ಒಂದೇ ಅಲ್ಲ. ಎರಡು 6 ಗಿಗಾಬಿಟ್, ಇನ್ನೆರಡು 3 ಗಿಗಾಬಿಟ್. ನನ್ನ ಬೋರ್ಡಿನಲ್ಲಿ ಬಣ್ಣವೂ ಬೇರೆ. ನಾನು ಕೈಗೆ ಸಿಕ್ಕಿದ್ದಕ್ಕೆ ಚುಚ್ಚಿದೆ. ವೇಗ ಅಳೆದರೆ ಸೆಕೆಂಡಿಗೆ 270 ಎಂಬಿ ಸುತ್ತಮುತ್ತ, ಡಬ್ಬದ ಮೇಲೆ 500 ದಾಟಿ ಬರೆದಿದ್ದರು. ಅಂಗಡಿಯವನಿಗೆ ಮನಸ್ಸಿನಲ್ಲೇ ಬೈದೆ. ಆಮೇಲೆ ಬೋರ್ಡಿನ ಮೇಲೆ ಟಾರ್ಚ್ ಬಿಟ್ಟು ಸಣ್ಣ ಅಕ್ಷರ ಓದಿ, ಕೇಬಲ್ ಕಿತ್ತು ಪಕ್ಕದ ಕಿಂಡಿಗೆ ಹಾಕಿದೆ. 510. ಬೈದದ್ದನ್ನು ವಾಪಸ್ ತೆಗೆದುಕೊಂಡೆ. ನಿಜ ಹೇಳಬೇಕು ಅಂದರೆ ಅಪ್ಪನ ಕೆಲಸಕ್ಕೆ 270 ಆದರೂ 510 ಆದರೂ ಒಂದೇ.

ಈಗ ಭಯದ ಜಾಗ. ಇನ್‌ಸ್ಟಾಲರ್ "ಡಿಸ್ಕ್ ಅಳಿಸಿ ಮಿಂಟ್ ಹಾಕಲೇ" ಅಂತ ಕೇಳಿತು. ಸರಿ ಅನ್ನೋಕೆ ಮೌಸ್ ಒಯ್ದಿದ್ದೆ. ಕಣ್ಣು ಕೆಳಗಿನ ಸಾಲಿಗೆ ಹೋಯಿತು: 1.0 ಟಿಬಿ. ನನ್ನ ಹೊಸ ಡಿಸ್ಕ್ 480 ಜಿಬಿ. ಅಂದರೆ ಅದು ಅಳಿಸಲು ಹೊರಟಿದ್ದು ಅಪ್ಪನ ಹಳೇ ಡಿಸ್ಕನ್ನು, ಹನ್ನೊಂದು ವರ್ಷದ ಪದಗಳನ್ನು. ಹಿಂದಿನ ಭಾನುವಾರ ಎಲ್ಲ ಫೈಲನ್ನೂ ಪೆನ್‌ಡ್ರೈವಿಗೆ ಒಂದು, ನನ್ನ ಲ್ಯಾಪ್‌ಟಾಪಿಗೆ ಒಂದು ಕಾಪಿ ಮಾಡಿಟ್ಟಿದ್ದೆ, ಆದರೂ ಕೈ ತಣ್ಣಗಾಯಿತು. ತಕ್ಷಣ ಆಫ್ ಮಾಡಿ ಹಳೇ ಡಿಸ್ಕಿನ ಕೇಬಲ್ ಕಿತ್ತು ಹೊರಗಿಟ್ಟೆ. ಇದನ್ನು ಮೊದಲೇ ಮಾಡಬೇಕಿತ್ತು. ಎರಡೂ ಡಿಸ್ಕ್ ಚುಚ್ಚಿಕೊಂಡಿದ್ದರೆ ಸಿಸ್ಟಮನ್ನು ಎಬ್ಬಿಸುವ ಬೂಟ್‌ಲೋಡರ್ ಹೋಗಿ ಹಳೇ ಡಿಸ್ಕಿನಲ್ಲಿ ಕೂರುವುದೂ ಉಂಟು, ಆಮೇಲೆ ಹಳೇದನ್ನು ತೆಗೆದ ದಿನ ಹೊಸದೂ ಏಳುವುದಿಲ್ಲ. ಮೆನುವಿನಲ್ಲಿ ಜಾಣತನ ತೋರಿಸೋದಕ್ಕಿಂತ ಕೇಬಲ್ ಕೀಳೋದೇ ಮೇಲು.

ಅಲ್ಲಿಂದ ಮುಂದಿನದು ಹೇಳುವಂಥದ್ದಲ್ಲ, ಹದಿನೈದು ನಿಮಿಷಕ್ಕೆ ಮುಗಿಯಿತು. ಭಾಷೆ ಕನ್ನಡ ಆರಿಸಿದ್ದೆ. ಮೆನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ನಮ್ಮ ಬಸ್ ಸ್ಟ್ಯಾಂಡಿನ ಬೋರ್ಡುಗಳ ಹಾಗೆ. ಅನುವಾದ ಮಾಡೋರು ಕಡಿಮೆ, ಇಷ್ಟಾದರೂ ಮಾಡಿದ್ದಾರಲ್ಲ. ಆನ್ ಮಾಡಿ ಡೆಸ್ಕ್‌ಟಾಪ್ ಬರಲು ಈಗ 25 ಸೆಕೆಂಡ್. ಅಮ್ಮ ಕಾಫಿ ತರುವ ಮೊದಲೇ ಬಂದುಬಿಟ್ಟಿತು ಅಂತ ಅಪ್ಪನಿಗೆ ಸ್ವಲ್ಪ ಬೇಜಾರೇ ಆಯಿತು.

ಕೀಬೋರ್ಡ್ ಸೆಟ್ಟಿಂಗಿಗೆ ಹೋಗಿ ಲೇಔಟ್ ಸೇರಿಸು ಅಂತ ಕೊಟ್ಟು, ಭಾರತೀಯ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಗಪ ಫೊನೆಟಿಕ್ ಆರಿಸಿದೆ. ಇಂಗ್ಲಿಷ್, ಕನ್ನಡ ಬದಲಿಸಲು ಒಂದು ಕೀಲಿ ಗೊತ್ತುಮಾಡಿದೆ. ಅಪ್ಪನನ್ನು ಕೂರಿಸಿ ಏನಾದರೂ ಹೊಡೀರಿ ಅಂದೆ. ಅವರು ಪರದೆ ನೋಡಲೇ ಇಲ್ಲ, ಕೀಬೋರ್ಡೂ ನೋಡಲಿಲ್ಲ, ಕಿಟಕಿ ಕಡೆ ನೋಡಿಕೊಂಡು "ಸೋಬಾನೆ ಸೋಬಾನವೆ" ಅಂತ ಹೊಡೆದರು. ತಿರುಗಿ ನೋಡಿದರೆ ಅದೇ ಇತ್ತು. "ಇದು ನುಡಿನೇ ಅಲ್ವಾ?" ಅಂದರು. ಹೌದು ಅಂದೆ. ಅಲ್ಲ ಅಂತ ವಿವರಿಸೋಕೆ ಹೋಗಲಿಲ್ಲ.

ಫಾಂಟ್ ಹುಡುಕುವಾಗ ಒಂದು ತಮಾಷೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಕನ್ನಡ ಫಾಂಟುಗಳು ಪುಕ್ಕಟೆ ಸಿಗುತ್ತವೆ: ಲೋಹಿತ್, ನೋಟೊ, ನವಿಲು, ಗುಬ್ಬಿ. "ಗುಬ್ಬಿ ನಮ್ಮ ತಾಲ್ಲೂಕಲ್ವೇನೋ!" ಅಂತ ಅಪ್ಪ ಖುಷಿಪಟ್ಟರು. ಪಕ್ಕದಲ್ಲಿ ನವಿಲು ಇರುವುದು ನೋಡಿದರೆ ಇದು ಊರಲ್ಲ, ಹಕ್ಕಿಯೇ ಇರಬೇಕು. ನಾನು ಬಾಯಿಬಿಡಲಿಲ್ಲ. ಈಗ ಅವರ ಹೊಸ ಫೈಲೆಲ್ಲ ಗುಬ್ಬಿ ಫಾಂಟಿನಲ್ಲೇ.

ಮೂರನೇ ಭಾನುವಾರ: ಹಳೇ ಫೈಲು

ಇದು ನಿಜವಾದ ಕೆಲಸ. ಹಳೇ ಡಿಸ್ಕನ್ನು ಮತ್ತೆ ಚುಚ್ಚಿದೆ. ಮಿಂಟಿನಲ್ಲಿ ತೆರೆದುಕೊಂಡಿತು, ಓದಬಹುದು, ಬರೆಯಲು ಮಾತ್ರ ಬಿಡುತ್ತಿಲ್ಲ. ಕಾರಣ ವಿಂಡೋಸಿನ ಫಾಸ್ಟ್ ಸ್ಟಾರ್ಟಪ್. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆ. ಅರೆನಿದ್ದೆಯಲ್ಲಿರುವ ಡಿಸ್ಕಿಗೆ ಲಿನಕ್ಸ್ ಕೈ ಹಾಕಲ್ಲ. ಒಂದು ಸಲ ವಿಂಡೋಸಿಗೆ ಹೋಗಿ ಅದನ್ನು ಆಫ್ ಮಾಡಿ ಬಂದೆ. ಹೋದಾಗ ಅಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ. ಹೊಸ ಬ್ಯಾಟರಿಯೂ ಕೆಟ್ಟಿತಾ ಅಂತ ಒಂದು ನಿಮಿಷ ತಲೆ ಕೆರೆದುಕೊಂಡೆ. ಅಲ್ಲ. ಲಿನಕ್ಸ್ ಬೋರ್ಡಿನ ಗಡಿಯಾರಕ್ಕೆ ಗ್ರೀನ್‌ವಿಚ್ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂತ ಓದುತ್ತದೆ, ಐದೂವರೆ ಗಂಟೆ ಬಂದದ್ದು ಅಲ್ಲಿಂದ. ಮಿಂಟಿನಲ್ಲಿ ಒಂದು ಕಮಾಂಡ್ ಕೊಟ್ಟು ಲೋಕಲ್ ಟೈಮ್ ಬಳಸು ಅಂದೆ. ಸರಿಹೋಯಿತು.

ಈಗ ಫೈಲು. ವರ್ಡ್ ಥರ ಕೆಲಸ ಮಾಡುವ ಲಿಬ್ರೆಆಫೀಸಿನಲ್ಲಿ ಮೊದಲನೇದು ತೆರೆದೆ. ಪೂರ್ತಿ ಕಸ. ಕನ್ನಡ ಅಂತ ಇರಬೇಕಾದ ಕಡೆ ಇಂಗ್ಲಿಷ್ ಪಿ, ತಲೆ ಮೇಲೆ ಓರೆ ಗೆರೆ ಇರುವ ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ. ಅಪ್ಪನ ಮುಖ ನೋಡಬೇಕಿತ್ತು. ಗಾಬರಿ ಬೇಡ ಅಂದೆ, ಆಸ್ಕಿ ನುಡಿ ಅಂದರೆ ಇದೇ. ಕಂಪ್ಯೂಟರಿಗೆ ಅಲ್ಲಿ ಕನ್ನಡವೇ ಇಲ್ಲ, ಇರೋದು ಪೌಂಡು. ಫಾಂಟು ಮಾತ್ರ ಆ ಪೌಂಡಿನ ಜಾಗದಲ್ಲಿ ನ ಚಿತ್ರ ಬರೆದಿಟ್ಟಿರುತ್ತದೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಲಂಡನ್ನು. ಯೂನಿಕೋಡಿನಲ್ಲಾದರೆ ನ ಅಕ್ಷರಕ್ಕೆ ತನ್ನದೇ ಸಂಖ್ಯೆ ಇದೆ, ಫಾಂಟ್ ಬದಲಾದರೂ ನ ನ ಆಗಿಯೇ ಇರುತ್ತದೆ.

ಸದ್ಯದ ಉಪಾಯ ಸುಲಭ. ಹಳೇ ಡಿಸ್ಕಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಕಾಪಿ ಮಾಡಿ ಮಿಂಟಿನಲ್ಲಿ ಹಾಕಿದೆ. ಮತ್ತೆ ತೆರೆದರೆ ಎಲ್ಲ ಕನ್ನಡ! ಅಂಕಿ ಮಾತ್ರ ಕೆಲವು ಫೈಲಿನಲ್ಲಿ ಇಂಗ್ಲಿಷ್, ಕೆಲವಲ್ಲಿ ಕನ್ನಡ. ನುಡಿ 01 ಇ, ನುಡಿ 01 ಕೆ ಅಂತ ಎರಡಿವೆ, ಕೊನೆಯ ಇ ಅಂದರೆ ಇಂಗ್ಲಿಷ್ ಅಂಕಿ, ಕೆ ಅಂದರೆ ಕನ್ನಡ ಅಂಕಿ. ಅಪ್ಪ ಮನಸ್ಸಿಗೆ ಬಂದದ್ದು ಬಳಸಿದ್ದಾರೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅಪ್ಪ ಒಂದು ಹಳೇ ಪದದ ಸಾಲು ತಿದ್ದಲು ಕೂತರು. ಸಾಲಿನ ಮೊದಲ ಪದ ಡೊಳ್ಳು. ಅದು ಮುಗಿದ ಮೇಲೆ ಸ್ಪೇಸ್ ಒತ್ತಿದರು. ಡ ಹೋಗಿ ಕಿ ಬಂತು. ಅಳಿಸಿ ಮತ್ತೆ ಒತ್ತಿದರು, ಮತ್ತೆ ಕಿ. ಭೂತ ಹೊಕ್ಕಿದೆ ಅಂತ ನಾನೂ ಅಂದುಕೊಂಡೆ. ಆಮೇಲೆ ಹೊಳೆಯಿತು: ಲಿಬ್ರೆಆಫೀಸಿಗೆ ಅದು ಇಂಗ್ಲಿಷ್ ವಾಕ್ಯ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಆಟೊಕರೆಕ್ಟ್ ಅದರ ಚಾಳಿ. ನುಡಿಯಲ್ಲಿ ಡ ಕೂತಿರುವುದು ಸಣ್ಣ ಕ್ಯೂ ಮೇಲೆ, ಕಿ ಕೂತಿರುವುದು ದೊಡ್ಡ ಕ್ಯೂ ಮೇಲೆ. ಪಾಪ, ಅದು ವ್ಯಾಕರಣ ತಿದ್ದುತ್ತಿತ್ತು. ಆಟೊಕರೆಕ್ಟ್ ಪೂರ್ತಿ ಆಫ್ ಮಾಡಿದೆ. ಆಗಲೇ ನಿರ್ಧಾರ ಮಾಡಿದ್ದು, ಈ 340 ಫೈಲನ್ನು ಯೂನಿಕೋಡಿಗೆ ತರದಿದ್ದರೆ ಇವತ್ತಲ್ಲ ನಾಳೆ ಯಾವ ಸಿಸ್ಟಮಿನಲ್ಲಾದರೂ ಇವು ಸಾಯುತ್ತವೆ ಅಂತ. ವಿಂಡೋಸಿನಲ್ಲೇ ಇದ್ದಿದ್ದರೂ ಇದನ್ನು ಮಾಡಲೇಬೇಕಿತ್ತು, ಮಾಡುತ್ತಿರಲಿಲ್ಲ ಅಷ್ಟೇ.

ಆಸ್ಕಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ, ಬ್ರೌಸರಿನಲ್ಲೇ ನಡೆಯುವವೂ ಇವೆ, ಪೈಥಾನಿನಲ್ಲಿ ಬರೆದ ಮುಕ್ತ ಸ್ಕ್ರಿಪ್ಟುಗಳೂ ಇವೆ. ಲಿಬ್ರೆಆಫೀಸಿಗೆ ಕಮಾಂಡಿನಲ್ಲಿ ಹೇಳಿ ಎಲ್ಲ ಫೈಲನ್ನೂ ಬರೀ ಟೆಕ್ಸ್ಟ್ ಮಾಡಿಸಿ, ಸ್ಕ್ರಿಪ್ಟಿಗೆ ಹಾಕಿ, ಬೇರೆ ಫೋಲ್ಡರಿಗೆ ತೆಗೆದೆ. ಮೂಲ ಫೈಲು ಮುಟ್ಟಲಿಲ್ಲ. ಎಲ್ಲಾ ಸೇರಿ ನಾಲ್ಕು ನಿಮಿಷ. ಪದಗಳು ಮುಕ್ಕಾಲು ಪಾಲು ಸರಿಯಾಗಿ ಬಂದವು. ಕೆಟ್ಟದ್ದು ಎರಡು ಕಡೆ.

ಒಂದು, ಅಪ್ಪನ ಟಿಪ್ಪಣಿಯ ನಡುವಿನ ಇಂಗ್ಲಿಷ್ ಪದಗಳು. ಟೆಕ್ಸ್ಟ್ ಮಾಡಿದಾಗ ಫಾಂಟಿನ ಮಾಹಿತಿ ಹೋಗಿಬಿಡುತ್ತದೆ, ಯಾವ ಪಿ ಇಂಗ್ಲಿಷು, ಯಾವ ಪಿ ಕನ್ನಡದ ತುಂಡು ಅಂತ ಸ್ಕ್ರಿಪ್ಟಿಗೆ ಗೊತ್ತಾಗಲ್ಲ. ಎಲ್ಲವನ್ನೂ ಕನ್ನಡ ಮಾಡಿ ಹಾಕಿತ್ತು, ಯಾವ ಭಾಷೆಯೂ ಅಲ್ಲದ ಮಾತು. ಎರಡು, ಅರ್ಕಾವೊತ್ತು. ಆಸ್ಕಿಯಲ್ಲಿ ಅದು ಅಕ್ಷರ ಆದಮೇಲೆ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲಿ. ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು, ಬಾಯಲ್ಲಿ ಹೇಳುವ ಕ್ರಮದಲ್ಲಿ. ಸೂರ್ಯ, ಕರ್ಣ ಎಲ್ಲ ಸರಿಯಾಯಿತು. ಒತ್ತಕ್ಷರದ ಜೊತೆ ಅರ್ಕಾವೊತ್ತು ಸೇರಿದ ಕಡೆ ಜಾರಿತು. ಸಾಮರ್ಥ್ಯ ಅನ್ನೋದು ಸಾಮಥ್ರ್ಯ ಆಗಿತ್ತು. ನೀವೂ ಎಷ್ಟೋ ಸೈಟುಗಳಲ್ಲಿ ಈ ಸಾಮಥ್ರ್ಯ ನೋಡಿರುತ್ತೀರಿ, ಅದು ಬರೆದವರ ತಪ್ಪಲ್ಲ, ಪರಿವರ್ತಕದ್ದು. ಈ ಥರದ ಪದಗಳನ್ನು ಹುಡುಕಿ ತಿದ್ದುವ ಒಂದು ಪಟ್ಟಿ ಮಾಡಿ ಕೊಟ್ಟೆ, ಮಿಕ್ಕದ್ದನ್ನು ಅಪ್ಪ ಕಣ್ಣಲ್ಲೇ ತಿದ್ದುತ್ತಿದ್ದಾರೆ. ದಿನಕ್ಕೆ ಐದಾರು ಫೈಲು. ಕೆಂಪು ಪೆನ್ನು ಸಿಕ್ಕ ಹಾಗೆ ಖುಷಿಯಲ್ಲಿದ್ದಾರೆ.

ಪ್ರಿಂಟರ್

ಊರಿನ ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಚಿಕ್ಕ ಲೇಸರ್ ಪ್ರಿಂಟರ್. ಕಂಪನಿಯ ಲಿನಕ್ಸ್ ಡ್ರೈವರ್ ಇದೆ, ತುಂಬಾ ಹಳೇದು, 32 ಬಿಟ್ ಕಾಲದ್ದು. ಹೊಸ ಸಿಸ್ಟಮಿನಲ್ಲಿ ಆ ಹಳೇ ಲೈಬ್ರರಿಗಳನ್ನು ಹುಡುಕಿ ಹಾಕಬೇಕು, ಒಂದು ಸರ್ವಿಸ್ ಹಿಂದೆ ಓಡುತ್ತಿರಬೇಕು, ಪ್ರಿಂಟರನ್ನು ಆಫ್ ಮಾಡಿ ಆನ್ ಮಾಡಿದರೆ ಆ ಸರ್ವಿಸ್ ಮುನಿಸಿಕೊಳ್ಳುತ್ತದೆ. ಎರಡು ಸಂಜೆ ಹೋಯಿತು. ಫೋನಿನಲ್ಲಿ ಅಪ್ಪನಿಗೆ ಕಮಾಂಡ್ ಹೇಳಿಕೊಡುವ ಕಾಲ ಬರಬಾರದು ಅಂತ ಡೆಸ್ಕ್‌ಟಾಪಿನಲ್ಲಿ ಒಂದು ಐಕಾನ್ ಮಾಡಿ "ಪ್ರಿಂಟರ್ ಎಬ್ಬಿಸು" ಅಂತ ಹೆಸರಿಟ್ಟೆ. ಎರಡು ಸಲ ಕ್ಲಿಕ್ ಮಾಡಿದರೆ ಸರ್ವಿಸ್ ಮತ್ತೆ ಶುರುವಾಗುತ್ತದೆ. ಹತ್ತರಲ್ಲಿ ಎಂಟು ಸಲ ಏಳುತ್ತದೆ. ವಿಂಡೋಸಿನಲ್ಲಿ ಇದೇ ಪ್ರಿಂಟರ್ ಹನ್ನೊಂದು ವರ್ಷ ಒಂದು ದಿನವೂ ತಕರಾರು ಮಾಡಿರಲಿಲ್ಲ, ಇದನ್ನು ಮುಚ್ಚಿಡಬಾರದು. ಹೊಸ ಪ್ರಿಂಟರ್ ಕೊಳ್ಳೋರು ಡಬ್ಬದ ಮೇಲೆ ಏರ್‌ಪ್ರಿಂಟ್ ಅಂತ ಇದೆಯಾ ನೋಡಿ. ಅಂಥವು ಸಾಮಾನ್ಯವಾಗಿ ಲಿನಕ್ಸಿಗೆ ಡ್ರೈವರ್ ಇಲ್ಲದೆಯೇ ಬರುತ್ತವೆ.

ಏಳದ ಆ ಎರಡು ಸಲಕ್ಕಾಗಿ ಹಳೇ ವಿಂಡೋಸ್ ಡಿಸ್ಕನ್ನು ಕ್ಯಾಬಿನೆಟ್ಟಿನಲ್ಲೇ ಬಿಟ್ಟಿದ್ದೇನೆ, ನೆಟ್ ಮಾತ್ರ ಕತ್ತರಿಸಿದ್ದೇನೆ. ಕಳ್ಳ ಕಾಪಿ ಇನ್ನೂ ಮನೆಯಲ್ಲೇ ಇದೆ ಅಂತಾಯಿತು. ಗೊತ್ತು. ಪ್ರಿಂಟರ್ ಬದಲಿಸಿದ ದಿನ ಅದನ್ನೂ ತೆಗೆಯಬೇಕು.

ಒಟ್ಟು ಖರ್ಚು ಲ್ಯಾನ್ ಕೇಬಲ್ ಸೇರಿ 3,700 ರೂಪಾಯಿ, ಬಸ್ ಚಾರ್ಜ್ ಬಿಟ್ಟು. ನಿನ್ನೆ ಅಪ್ಪ ಫೋನ್ ಮಾಡಿದ್ದರು. 340ರಲ್ಲಿ 96 ಫೈಲು ತಿದ್ದಿ ಮುಗಿದಿದೆಯಂತೆ. ಪವರ್ ಸಪ್ಲೈ ಫ್ಯಾನ್ ಗರ್ ಅಂತ ಸದ್ದು ಮಾಡುತ್ತಿದೆಯಂತೆ, ಬರುವ ಭಾನುವಾರ ಅದನ್ನು ಬಿಚ್ಚಬೇಕು. ಮೂಲೆಯಲ್ಲಿದ್ದ ಆ ಬೂದು ಬಣ್ಣದ ಹೆಸರು ಎಲ್ಲಿ ಹೋಯಿತು ಅಂತಲೂ ಕೇಳಿದರು.